ಮೈಕ್ರೋಲೈಟ್ ಕಲಿಯುವ ಆಸೆಯೇ? ಕೊಡಗಿನವರಿಗೆ ಇರುವ ದಾರಿಗಳು, ಅವುಗಳ ಲಾಭ ನಷ್ಟ

ಮಳೆಗಾಲ ಮುಗಿದು ಆಕಾಶ ತಿಳಿಯಾಗುತ್ತಿದ್ದಂತೆ, ಮೈಕ್ರೋಲೈಟ್ ಎಂಬ ಪುಟ್ಟ ಹಗುರ ವಿಮಾನ ಹಾರಿಸಲು ಎಲ್ಲಿ, ಹೇಗೆ ಕಲಿಯುವುದು ಎನ್ನುವ ಪ್ರಶ್ನೆ ಶುರುವಾಗುತ್ತದೆ. ಪೊನ್ನಂಪೇಟೆ, ಗೋಣಿಕೊಪ್ಪ ಕಡೆಯವರಿಗೆ ಮೈಕ್ರೋಲೈಟಿನ ಸದ್ದು ಹೊಸತಲ್ಲ. ಪ್ರವಾಸಿಗರನ್ನು ಕೂರಿಸಿಕೊಂಡು ಹಾರುವುದನ್ನು ವರ್ಷಗಳಿಂದ ನೋಡಿದ್ದೇವೆ. ನೋಡಿದವರಲ್ಲಿ ಕೆಲವರಿಗೆ ಕೂತು ಹೋಗಿಬರುವುದು ಸಾಲದು, ತಾವೇ ಹಾರಿಸಬೇಕು. ಕಾಲೇಜು ಹುಡುಗ ಕೇಳುತ್ತಾನೆ, ತೋಟವನ್ನು ಮಗನ ಕೈಗೆ ಒಪ್ಪಿಸಿ ಸ್ವಲ್ಪ ಬಿಡುವಾದ ಮಾವ ಕೇಳುತ್ತಾರೆ, ಬೆಂಗಳೂರಿನ ಕಂಪನಿ ಕೆಲಸವನ್ನು ವಿರಾಜಪೇಟೆಯ ಮನೆಯಲ್ಲೇ ಕೂತು ಮಾಡುವ ಅಕ್ಕ ಕೇಳುತ್ತಾರೆ. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರ ದುಡ್ಡು ಹಾಳು.

ಆದ್ದರಿಂದ ಮೊದಲು ಯಾವುದರಿಂದ ಅಳೆಯಬೇಕು ಎನ್ನುವುದನ್ನು ನೋಡೋಣ, ದಾರಿಗಳು ಆಮೇಲೆ.

ಅಳೆಯುವುದು ಯಾವುದರಿಂದ

'ಯಾವ ವಿಮಾನ ಒಳ್ಳೆಯದು?' ಎಂದೇ ಎಲ್ಲರೂ ಶುರುಮಾಡುತ್ತಾರೆ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ನನ್ನ ಲೆಕ್ಕದಲ್ಲಿ ಮೊದಲನೆಯದು, ನೀವು ಒಂದರ ಹಿಂದೊಂದು ಎಷ್ಟು ಬೆಳಗುಗಳನ್ನು ಕೊಡಬಲ್ಲಿರಿ ಎನ್ನುವುದು.

ಮೈಕ್ರೋಲೈಟ್ ಹೆಸರಿಗೆ ತಕ್ಕಂತೆ ಹಗುರ. ನಮ್ಮಲ್ಲಿ ಎರಡು ಸೀಟಿನ ಮೈಕ್ರೋಲೈಟ್ ಜನ, ಪೆಟ್ರೋಲ್ ಎಲ್ಲ ಸೇರಿ 450 ಕಿಲೋ ಮೀರುವಂತಿಲ್ಲ. ಬಿಸಿಲೇರಿ ನೆಲ ಕಾದು ಗಾಳಿ ಮೇಲೇಳತೊಡಗಿದರೆ ಅಷ್ಟು ಹಗುರದ್ದು ಕುಲುಕಾಡುತ್ತದೆ. ಪಳಗಿದವರು ಅದರಲ್ಲೂ ಹಾರಿಸುತ್ತಾರೆ, ಹೊಸಬರಿಗೆ ಅದರಲ್ಲಿ ಪಾಠ ಹತ್ತುವುದಿಲ್ಲ. ಹಾಗಾಗಿ ಕಲಿಯುವವರಿಗೆ ದಿನದಲ್ಲಿ ಸಿಗುವುದು ಮಂಜು ಬಿಟ್ಟ ಮೇಲಿನ ಒಂದೆರಡು ಗಂಟೆ, ಹೆಚ್ಚೆಂದರೆ ಸಂಜೆ ಹೊತ್ತು ಮುಳುಗುವ ಮುಂಚಿನ ಸ್ವಲ್ಪ ಹೊತ್ತು. ಹದಿನೈದು ದಿನಕ್ಕೊಮ್ಮೆ ಹೋಗಿ ಒಂದು ಗಂಟೆ ಹಾರಿದರೆ, ಅದರಲ್ಲಿ ಅರ್ಧ ಗಂಟೆ ಹಿಂದಿನ ಪಾಠವನ್ನು ಕೈಗೆ ಮತ್ತೆ ಹತ್ತಿಸಿಕೊಳ್ಳುವುದಕ್ಕೇ ಹೋಗುತ್ತದೆ. ಬಿಡದೆ ಹತ್ತು ದಿನ ಹೋದವರು, ಅದೇ ದುಡ್ಡಿನಲ್ಲಿ, ವಾರಾಂತ್ಯಕ್ಕೆ ಹೋಗುವವರಿಗಿಂತ ಎಷ್ಟೋ ಮುಂದಿರುತ್ತಾರೆ.

ಇಲ್ಲಿ ಕೊಡಗಿನವರಿಗೆ ಒಂದು ತೊಡಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಆ ಮಾತೇ ಬೇಡ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಗಾಳಿ ಶಾಂತ, ಆಕಾಶ ಸ್ವಚ್ಛ. ಆದರೆ ಅದೇ ಕಾಫಿ ಕೊಯ್ಲಿನ ಕಾಲ. ಅರೇಬಿಕಾ ಮುಗಿಯುವ ಹೊತ್ತಿಗೆ ರೋಬಸ್ಟಾ ಹಣ್ಣಾಗಿರುತ್ತದೆ, ಕೆಲಸದವರನ್ನು ಹುಡುಕುವುದರಲ್ಲಿ ಮತ್ತು ಕಣ ಕಾಯುವುದರಲ್ಲಿ ದಿನ ಕಳೆಯುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಕೈ ಖಾಲಿ, ಆದರೆ ಹೂಮಳೆಯ ಜೊತೆ ಗುಡುಗು ಮೋಡಗಳೂ ಬರುತ್ತವೆ. ಬೆಳಗ್ಗೆ ಹಾರಬಹುದು, ಮಧ್ಯಾಹ್ನದ ಮೇಲೆ ಆಸೆ ಬಿಡಬೇಕು. ತೋಟವಿರುವವರು ಅಕ್ಟೋಬರ್ ಕೊನೆಯಿಂದ ಹುತ್ತರಿಯವರೆಗಿನ ದಿನಗಳನ್ನು ಕಲಿಕೆಗೆ ಎತ್ತಿಡುವುದು ಒಳ್ಳೆಯದು. ಹಿಂಗಾರು ಒಂದೊಂದು ಬೆಳಗನ್ನು ಕಸಿದರೂ ಉಳಿದವು ಪೂರ್ತಿ ನಿಮ್ಮವೇ.

ಎರಡನೆಯದು, ಏತಕ್ಕಾಗಿ? ಒಮ್ಮೆ ಮೇಲೆ ಹೋಗಿ ನೋಡಬೇಕೇ, ಹವ್ಯಾಸವಾಗಿ ಬೇಕೇ, ಇಲ್ಲ ಪೈಲಟ್ ಆಗಿ ಸಂಬಳ ಎಣಿಸಬೇಕೇ? ಕೊನೆಯದಾದರೆ ಈ ಬರಹದ ಹೆಚ್ಚಿನ ಭಾಗ ನಿಮಗಲ್ಲ.

ಮೂರನೆಯದು ದುಡ್ಡು. ಗಂಟೆಗೆ ಎಷ್ಟು ಎಂದಷ್ಟೇ ಕೇಳಿ ಬರಬೇಡಿ. ಲೈಸೆನ್ಸಿಗೆ ಬೇಕಾದ ಗಂಟೆ ಎಷ್ಟು ಎಂದು ಕೇಳಿ ಗುಣಿಸಿ, ಬಂದದ್ದಕ್ಕೆ ಕಾಲು ಭಾಗ ಸೇರಿಸಿ. ನಿಯಮ ಹೇಳುವ ಕನಿಷ್ಠ ಗಂಟೆಯಲ್ಲೇ ಮುಗಿಸುವವರು ಕಡಿಮೆ. ಗಂಟೆಗೆ 12,000 ರೂಪಾಯಿ, 40 ಗಂಟೆ ಎಂದಿಟ್ಟುಕೊಂಡರೆ 4,80,000. ಕಾಲು ಭಾಗ ಸೇರಿಸಿದರೆ 6,00,000. ಇದರ ಮೇಲೆ ಊಟ, ರೂಮು, ಓಡಾಟ. ಮಡಿಕೇರಿಯಿಂದ ಬೆಂಗಳೂರಿಗೆ 250 ಕಿಲೋಮೀಟರಿಗೂ ಹೆಚ್ಚು ಎನ್ನುವುದು ನೆನಪಿರಲಿ. ಬೆಳಗ್ಗೆ 6 ಗಂಟೆಗೆ ರನ್‌ವೇ ಬಳಿ ಇರಬೇಕಾದವರು ಹಿಂದಿನ ರಾತ್ರಿಯೇ ಹೋಗಿ ಉಳಿಯಬೇಕು.

ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ, ನಾಚಿಕೆಯಿಂದ ಇರಬಹುದು: ನಿಮ್ಮ ತೂಕ. 450 ಕಿಲೋದ ಮಿತಿಯಲ್ಲಿ ವಿಮಾನದ ಸ್ವಂತ ತೂಕವೇ ಸುಮಾರು 260 ಕಿಲೋ ಇದ್ದರೆ ಉಳಿಯುವುದು 190. ಇಪ್ಪತ್ತು ಲೀಟರ್ ಪೆಟ್ರೋಲಿಗೆ ಹದಿನಾಲ್ಕು ಹದಿನೈದು ಕಿಲೋ ಕಳೆಯಿರಿ. ಇನ್‌ಸ್ಟ್ರಕ್ಟರ್ 80 ಕಿಲೋ, ನೀವು 95 ಕಿಲೋ ಎಂದರೆ ಲೆಕ್ಕ ಅಲ್ಲಿಗೆ ಮುಗಿಯಿತು, ಪಾಠಕ್ಕಿಂತ ಮುಂಚೆ ಪೆಟ್ರೋಲ್ ಕಡಿಮೆ ಮಾಡಬೇಕಾಗುತ್ತದೆ. ಪಂದಿಕರಿ ಕಡುಂಬುಟ್ಟಿನ ನಾಡಿನವರು ಈ ಲೆಕ್ಕವನ್ನು ಫೋನಿನಲ್ಲೇ ಬಗೆಹರಿಸಿಕೊಂಡು ಹೊರಡುವುದು ಮೇಲು.

ಐದನೆಯದು ಕೆಳಗಿನ ನೆಲ. ಅದನ್ನು ದಾರಿಗಳ ಜೊತೆಗೇ ಹೇಳುತ್ತೇನೆ.

ಊರಿನಲ್ಲೇ ಒಂದು ಸುತ್ತು

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ಇದು. ಸಂಜೆಗಿಂತ ಬೆಳಗ್ಗೆ ಹೋಗಿ. ಮಾರ್ಚ್ ತಿಂಗಳಲ್ಲಿ ಹೂ ಅರಳಿದ ವಾರ ಸಿಕ್ಕಿದರೆ ಅದೃಷ್ಟ: ತೋಟಗಳೆಲ್ಲ ಬೆಳ್ಳಗೆ, ದಕ್ಷಿಣಕ್ಕೆ ಬ್ರಹ್ಮಗಿರಿ ಸಾಲು, ಹತ್ತಿರದಲ್ಲೇ ಕುಂದ ಬೆಟ್ಟ. ಆದರೆ ನೋಟಕ್ಕೆ ಮರುಳಾಗಿ ಬಂದ ಕೆಲಸ ಮರೆಯಬೇಡಿ. ನೀವು ನೋಡಬೇಕಾದದ್ದು ನಿಮ್ಮನ್ನೇ. ತಲೆ ಸುತ್ತಿತೇ? ವಿಮಾನ ವಾಲಿದಾಗ ಕೈ ಏನನ್ನಾದರೂ ಹಿಡಿದುಕೊಳ್ಳಲು ಹೋಯಿತೇ? ಇಳಿದ ಮೇಲೆ ಇನ್ನೊಮ್ಮೆ ಹೋಗೋಣ ಎನಿಸಿತೇ, ಇಲ್ಲ ಸದ್ಯ ಮುಗಿಯಿತಲ್ಲ ಎನಿಸಿತೇ?

ಟ್ರೈಕಿನಲ್ಲಿ, ಅಂದರೆ ಬಟ್ಟೆಯ ರೆಕ್ಕೆಯ ಮೈಕ್ರೋಲೈಟಿನಲ್ಲಿ, ಇನ್ನೂ ಒಂದು ಸಂಗತಿ ಗಮನಿಸಿ. ಪ್ರವಾಸಿಗರನ್ನು ಹಿಂದಿನ ಸೀಟಿನಲ್ಲಿ ಕೂರಿಸುತ್ತಾರೆ. ಪಾಠವಾದರೆ ಕಲಿಯುವವರು ಮುಂದೆ, ಇನ್‌ಸ್ಟ್ರಕ್ಟರ್ ಹಿಂದೆ, ಅವರ ಕೈಗೂ ಎಟಕುವಂತೆ ಬೇರೆ ಹಿಡಿಕೆ ಜೋಡಿಸಿರುತ್ತಾರೆ. ಹಿಂದೆ ಕೂತು ಹಾರಿದ ಹೊತ್ತು ಎಷ್ಟೇ ಆದರೂ ಹಾರಾಟದ ಗಂಟೆ ಬರೆದಿಡುವ ಲಾಗ್‌ಬುಕ್ಕಿಗೆ ಬರುವುದಿಲ್ಲ. 'ಕಲಿಸುತ್ತೇವೆ' ಎಂದು ಯಾರಾದರೂ ಹೇಳಿದರೆ, ತರಬೇತಿಗೆ ಡಿಜಿಸಿಎ (ವಿಮಾನಯಾನದ ನಿಯಮ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಒಪ್ಪಿಗೆ ಇದೆಯೇ, ಆ ಗಂಟೆಗಳು ಲೈಸೆನ್ಸಿಗೆ ಲೆಕ್ಕಕ್ಕೆ ಬರುತ್ತವೆಯೇ ಎಂದು ಕಾಗದ ನೋಡಿಯೇ ದುಡ್ಡು ಕೊಡಿ.

ಟ್ರೈಕೋ, ಮೂರು ಅಕ್ಷದ ವಿಮಾನವೋ

ನಿಜವಾದ ಗೊಂದಲ ಇರುವುದು ಇಲ್ಲೇ.

ಟ್ರೈಕ್ ಎಂದರೆ ಮೇಲೊಂದು ಬಟ್ಟೆಯ ರೆಕ್ಕೆ, ಅದರ ಕೆಳಗೆ ತೊಟ್ಟಿಲಿನಂತೆ ನೇತಾಡುವ ಮೂರು ಚಕ್ರದ ಬಂಡಿ, ಬೆನ್ನ ಹಿಂದೆ ಎಂಜಿನ್. ಸ್ಟಿಕ್ಕೂ ಇಲ್ಲ, ಬಾಲವೂ ಇಲ್ಲ. ಎದೆಯ ಮುಂದಿರುವ ಅಡ್ಡ ಸರಳನ್ನು ದೂಡಿ, ಎಳೆದು ಭಾರವನ್ನು ಅತ್ತಿತ್ತ ಸರಿಸಿದರೆ ರೆಕ್ಕೆ ತಿರುಗುತ್ತದೆ. ಅಮೆರಿಕದ ಫ್ರಾನ್ಸಿಸ್ ರೊಗಾಲೊ 1940ರ ದಶಕದಲ್ಲಿ ರೂಪಿಸಿದ ಮಡಚುವ ರೆಕ್ಕೆಯೇ ಇದರ ಮೂಲ. ಮೂರು ಅಕ್ಷದ ಮೈಕ್ರೋಲೈಟ್ ನೋಡಲು ಪುಟ್ಟ ವಿಮಾನದಂತೆಯೇ ಇರುತ್ತದೆ: ಸ್ಟಿಕ್, ಕಾಲಿನಿಂದ ಒತ್ತಿ ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್, ಅಕ್ಕಪಕ್ಕ ಎರಡು ಸೀಟು, ಗಾಳಿ ತಡೆಯಲು ಗಾಜು. ಬೆಂಗಳೂರಿನ ರಾಜಹಂಸ ಕಂಪನಿಯ ಎಕ್ಸ್-ಏರ್, ಜೆನ್‌ಏರ್ ಸಿಎಚ್ 701 ಇವೆಲ್ಲ ಈ ಜಾತಿಯವು.

ಇವೆರಡರ ಅಭ್ಯಾಸ ಒಂದಕ್ಕೊಂದು ತಿರುಗುಮುರುಗು. ವಿಮಾನದಲ್ಲಿ ಸ್ಟಿಕ್ ಎಳೆದರೆ ಮೂಗು ಏಳುತ್ತದೆ. ಟ್ರೈಕಿನಲ್ಲಿ ಸರಳು ಎಳೆದರೆ ಮೂಗು ಕೆಳಗಾಗಿ ವೇಗ ಹೆಚ್ಚುತ್ತದೆ, ದೂಡಿದರೆ ಮೂಗು ಎದ್ದು ವೇಗ ಇಳಿಯುತ್ತದೆ. ನೆಲದ ಮೇಲೂ ಹಾಗೆಯೇ. ವಿಮಾನದಲ್ಲಿ ಬಲಗಾಲು ಒತ್ತಿದರೆ ಬಲಕ್ಕೆ ಹೋಗುತ್ತದೆ, ಟ್ರೈಕಿನಲ್ಲಿ ಮುಂದಿನ ಚಕ್ರದ ಅಡ್ಡಪಟ್ಟಿಗೇ ಪಾದ ಇಟ್ಟಿರುವುದರಿಂದ ಬಲಗಾಲು ದೂಡಿದರೆ ಎಡಕ್ಕೆ ತಿರುಗುತ್ತದೆ. ಒಂದರಲ್ಲಿ ಕಲಿತು ಇನ್ನೊಂದಕ್ಕೆ ಹೋದವರ ಕಾಲು, ರನ್‌ವೇ ತಲುಪುವ ಮೊದಲೇ ಪಕ್ಕದ ಹುಲ್ಲಿನ ಕಡೆ ಎಳೆಯುತ್ತದೆ. ನೆಲದ ಮೇಲೆ ಇದು ನಗುವ ವಿಷಯ. ಇಳಿಯುವಾಗ, ನೆಲ ಎದ್ದು ಬರುತ್ತಿರುವ ಆ ಎರಡು ಕ್ಷಣದಲ್ಲಿ ಕೈ ಹಳೆಯ ಅಭ್ಯಾಸಕ್ಕೆ ಹೋದರೆ ನಗುವಂಥದ್ದಲ್ಲ. ಆದ್ದರಿಂದ ಮುಂದೆ ಯಾವುದನ್ನು ಹಾರಿಸುತ್ತೀರೋ ಅದರಲ್ಲೇ ಶುರುಮಾಡಿ. 'ಮೊದಲು ಇದು, ಆಮೇಲೆ ಅದು' ಎನ್ನುವ ಯೋಜನೆ ಕಾಗದದ ಮೇಲಷ್ಟೇ ಚೆಂದ.

ಟ್ರೈಕಿನ ಪರವಾಗಿ ಹೇಳುವುದಾದರೆ: ಕಟ್ಟುವುದು, ಬಿಚ್ಚುವುದು ಸುಲಭ, ಸ್ವಂತ ತೂಕ ಸುಮಾರು 200 ಕಿಲೋ, ಹಾಗಾಗಿ ಭಾರದ ಮನುಷ್ಯರಿಗೂ ಜಾಗವಿದೆ. ಮುಖಕ್ಕೆ ಗಾಳಿ ಹೊಡೆಯುತ್ತ, ಮುಂದೆ ಏನೂ ಅಡ್ಡವಿಲ್ಲದೆ ಹಾರುವ ಸುಖ ಬೇರೆ ಯಾವುದರಲ್ಲೂ ಇಲ್ಲ. ವಿರುದ್ಧವಾಗಿ: ಗಾಳಿ ಕುಲುಕಿದಾಗ ರೆಕ್ಕೆಯ ಎಳೆತವೆಲ್ಲ ನೇರ ತೋಳಿಗೇ ಬರುತ್ತದೆ. ಅರ್ಧ ಗಂಟೆಯಲ್ಲಿ ಭುಜ ಸೋಲುತ್ತದೆ. ಭುಜದ ನೋವಿರುವವರು, ಐವತ್ತು ದಾಟಿದವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಡಿಸೆಂಬರ್ ಬೆಳಗ್ಗೆ ಗಂಟೆಗೆ 80 ಕಿಲೋಮೀಟರ್ ಗಾಳಿಯಲ್ಲಿ ಜಾಕೆಟ್, ಕೈಗವಸು ಇಲ್ಲದೆ ಕೂತರೆ ಬೆರಳು ಮರಗಟ್ಟಿ ಥ್ರಾಟಲ್ ಹಿಡಿದಿರುವುದೇ ಗೊತ್ತಾಗುವುದಿಲ್ಲ.

ಮೂರು ಅಕ್ಷದ್ದು ತುಸು ದುಬಾರಿ, ಮೊದಲ ಕೆಲವು ಗಂಟೆ ಕೈಕಾಲು ಹೊಂದಿಸುವುದು ಕಷ್ಟ. ಆದರೆ ಕಲಿತದ್ದು ಮುಂದೆ ಸೆಸ್ನಾದಂಥ ದೊಡ್ಡ ತರಬೇತಿ ವಿಮಾನಕ್ಕೆ ಹೋದರೂ ಕೈಯಲ್ಲಿರುತ್ತದೆ. ಕಲಿಯಲು ಬೆಂಗಳೂರಿನ ಜಕ್ಕೂರಿಗೆ ಹೋಗುವವರಿಗೆ ಸಾಮಾನ್ಯವಾಗಿ ಸಿಗುವುದೂ ಇದೇ. ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರುವ ಆ ಏರೋಡ್ರೋಮಿನಲ್ಲಿ ಖಾಸಗಿ ಮೈಕ್ರೋಲೈಟ್ ಸಂಸ್ಥೆಗಳೂ ಕೆಲಸ ಮಾಡಿವೆ. ಒಂದು ಎಚ್ಚರಿಕೆ: ಪಕ್ಕದ ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆಯುತ್ತದೆ. ಆ ಸಮಯಕ್ಕೆ ರಜೆ ಹಾಕಿ ಹೊರಡುವ ಮುನ್ನ ಜಕ್ಕೂರಿನಲ್ಲಿ ಹಾರಲು ಬಿಡುತ್ತಾರೆಯೇ ಎಂದು ವಿಚಾರಿಸಿ.

ಈಗ ನೆಲದ ಮಾತು. ಎರಡೂ ಬಗೆಯವು ಎಂಜಿನ್ ನಿಂತರೆ ಕಲ್ಲಿನಂತೆ ಬೀಳುವುದಿಲ್ಲ, ತೇಲುತ್ತವೆ. 300 ಮೀಟರ್ ಎತ್ತರದಿಂದ ಸುಮಾರು 2 ಕಿಲೋಮೀಟರ್ ತೇಲಬಹುದು. ಆ ಎರಡು ಕಿಲೋಮೀಟರಿನೊಳಗೆ ಇಳಿಯಲು ಜಾಗವಿದೆಯೇ? ಜಕ್ಕೂರಿನ ಸುತ್ತ ಕಟ್ಟಡಗಳು ಬೆಳೆದುಬಿಟ್ಟಿವೆ. ನಮ್ಮಲ್ಲಿ ಕಾಫಿ, ಅದರ ಮೇಲೆ ಸಿಲ್ವರ್ ಓಕ್. ಉಳಿಯುವುದು ಗದ್ದೆ ಬಯಲು ಒಂದೇ. ಬಾಳೆಲೆ, ಪೊನ್ನಂಪೇಟೆ ಕಡೆ ಅಗಲವಾದ ಗದ್ದೆಗಳಿವೆ, ಮಡಿಕೇರಿ ಕಡೆಗೆ ಹೋದಷ್ಟೂ ಕಣಿವೆ ಕಿರಿದಾಗಿ ಅದೂ ಇಲ್ಲ. ಬತ್ತ ಕೊಯ್ದು ಒಣಗಿದ ಗದ್ದೆಯಲ್ಲೂ ಬದುಗಳಿರುತ್ತವೆ, ಮೇಲೆ ಕರೆಂಟ್ ತಂತಿ ಹಾದಿರುತ್ತದೆ. ತಂತಿ ಮೇಲಿನಿಂದ ಕಾಣುವುದಿಲ್ಲ, ಕಂಬ ನೋಡಿ ಊಹಿಸಬೇಕು. ಜೊತೆಗೆ ನಮ್ಮ ನೆಲವೇ ಎತ್ತರ. ಪೊನ್ನಂಪೇಟೆ ಸಮುದ್ರಮಟ್ಟದಿಂದ 850 ಮೀಟರಿನ ಆಸುಪಾಸಿನಲ್ಲಿದೆ. ಮೈಕ್ರೋಲೈಟಿನ ಸಾಮಾನ್ಯ ಎಂಜಿನ್ನುಗಳು ಪ್ರತಿ ಸಾವಿರ ಅಡಿಗೆ ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತವೆ. 64 ಅಶ್ವಶಕ್ತಿಯ ರೋಟಾಕ್ಸ್ 582 ಎಂಜಿನ್ ಇಲ್ಲಿ ರನ್‌ವೇ ಬಿಡುವಾಗಲೇ 60ಕ್ಕಿಂತ ಕೆಳಗಿರುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ಕಡಿಮೆ. ಅದಕ್ಕೇ ನನ್ನ ಅಭಿಪ್ರಾಯ ಇದು: ಊರಿನಲ್ಲಿ ಹಾರುವುದೇ ಗುರಿಯಾದರೂ ಮೊದಲ ಪಾಠಗಳು ಅಗಲವಾದ ರನ್‌ವೇ, ಸಮತಟ್ಟು ನೆಲ, ರೇಡಿಯೋದಲ್ಲಿ ಮಾತಾಡಿಸಲು ಕಂಟ್ರೋಲ್ ಟವರ್ ಇರುವ ಕಡೆ ಆಗಲಿ. ಬೆಟ್ಟದ ಗಾಳಿಯ ಸುಳಿ ಏನೆಂದು ಗೊತ್ತಾಗಬೇಕಾದದ್ದು ಇಳಿಯುವುದು ಚೆನ್ನಾಗಿ ಬಂದ ಮೇಲೆ.

ಎಂಜಿನ್ ಬಗ್ಗೆಯೂ ಒಂದು ಮಾತು. 582 ಎರಡು ಸ್ಟ್ರೋಕಿನದು, ಹಗುರ, ಅಗ್ಗ, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡುವಂಥದ್ದು. ಅದೇ ರೋಟಾಕ್ಸಿನ 912 ನಾಲ್ಕು ಸ್ಟ್ರೋಕಿನದು, 80 ಅಶ್ವಶಕ್ತಿ, ಬೆಲೆ ಹೆಚ್ಚು, ಪೂರ್ತಿ ಬಿಚ್ಚಿ ಕಟ್ಟದೆ ಓಡಿಸಬಹುದಾದ ಅವಧಿಯೂ ಬಹಳ ದೀರ್ಘ. ಕಲಿಯಲು ಹೋದ ಕಡೆ ಎರಡೂ ಇದ್ದರೆ, ಗಂಟೆಗೆ ಸ್ವಲ್ಪ ಹೆಚ್ಚಾದರೂ ನಾನು 912 ಇರುವುದನ್ನೇ ಕೇಳುತ್ತೇನೆ.

ನೇರವಾಗಿ ಪಿಪಿಎಲ್ (ಖಾಸಗಿ ಪೈಲಟ್ ಲೈಸೆನ್ಸ್)

ಏರ್‌ಲೈನಿನ ಕನಸಿದ್ದರೆ ಮೈಕ್ರೋಲೈಟಿನಲ್ಲಿ ದುಡ್ಡು ಹಾಕಬೇಡಿ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಬೇಕು, ಅದನ್ನು ದೊಡ್ಡ ತರಬೇತಿ ವಿಮಾನದಲ್ಲೇ ಮಾಡುವುದು ನೇರ ದಾರಿ. ಹವ್ಯಾಸಕ್ಕೇ ಆದರೂ ಸಾಕಷ್ಟು ದುಡ್ಡು ಇದ್ದವರಿಗೆ ಖಾಸಗಿ ಪೈಲಟ್ ಲೈಸೆನ್ಸ್ ಇದೆ: 17 ವರ್ಷ ತುಂಬಿರಬೇಕು, ಕನಿಷ್ಠ 40 ಗಂಟೆ ಹಾರಿರಬೇಕು. ಗಂಟೆಯ ದರ ಮೈಕ್ರೋಲೈಟಿಗಿಂತ ಬಹಳ ಹೆಚ್ಚು, ಓದುವುದೂ ಹೆಚ್ಚು. ಲೈಸೆನ್ಸ್ ಬಂದ ಮೇಲೆ ಬಾಡಿಗೆಗೆ ವಿಮಾನ ಸಿಗುವ ಊರು ನಮ್ಮ ಹತ್ತಿರ ಯಾವುದಿದೆ ಎಂದು ಯೋಚಿಸಿ ಮುಂದುವರಿಯಿರಿ. ಹಾರಿಸದೆ ಇಟ್ಟ ಲೈಸೆನ್ಸ್ ಗೋಡೆಗೆ ಅಲಂಕಾರ ಅಷ್ಟೇ.

ವಿದ್ಯಾರ್ಥಿಗಳಿಗೆ ಎನ್‌ಸಿಸಿ

ಕೈಯಲ್ಲಿ ದುಡ್ಡಿಲ್ಲ, ವಯಸ್ಸಿದೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಎನ್‌ಸಿಸಿ ಏರ್ ವಿಂಗ್ ಕೆಡೆಟ್‌ಗಳಿಗೆ ಮೈಕ್ರೋಲೈಟಿನಲ್ಲಿ ಹಾರುವ ಅವಕಾಶವಿದೆ. ವಾಯುಪಡೆ, ನೌಕಾಪಡೆ, ಎನ್‌ಸಿಸಿಗಳಿಗಾಗಿ 2015ರಲ್ಲಿ ಸ್ಲೊವೇನಿಯಾದ ಪಿಪಿಸ್ಟ್ರೆಲ್ ಕಂಪನಿಗೆ 194 ವಿಮಾನಗಳ ಆರ್ಡರ್ ಕೊಡಲಾಗಿತ್ತು. ಇದರಿಂದ ಲೈಸೆನ್ಸ್ ಬರುವುದಿಲ್ಲ, ಸಿಗುವ ನಿಮಿಷಗಳೂ ಕಡಿಮೆ, ಎಲ್ಲ ಕಾಲೇಜುಗಳಲ್ಲೂ ಏರ್ ವಿಂಗ್ ಇಲ್ಲ. ಪಿಯುಸಿ ಮುಗಿಸಿ ಬೆಂಗಳೂರಿಗೋ ಮಂಗಳೂರಿಗೋ ಓದಲು ಹೊರಟವರು ಕಾಲೇಜು ಆರಿಸುವಾಗಲೇ ಇದನ್ನು ವಿಚಾರಿಸಿಕೊಳ್ಳಬೇಕು. 1965ರ ಯುದ್ಧದಲ್ಲಿ ಮಡಿದು 1988ರಲ್ಲಿ ಮಹಾವೀರ ಚಕ್ರ ಪಡೆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಪ್ರತಿಮೆಯನ್ನು ಮಡಿಕೇರಿಯಲ್ಲಿ ದಿನಾ ದಾಟಿ ಹೋಗುವ ಮಕ್ಕಳಿಗೆ ವಾಯುಪಡೆಯ ಕನಸೂ ಇರುತ್ತದೆ. ಅವರಿಗೆ ಎನ್‌ಸಿಸಿ ಎರಡು ರೀತಿಯಲ್ಲಿ ಲಾಭ.

ಎಂಜಿನ್ನೇ ಬೇಡವೆಂದರೆ

ಪ್ಯಾರಾಗ್ಲೈಡಿಂಗ್. ಪುಣೆ ಹತ್ತಿರದ ಕಾಮ್‌ಶೇತ್, ಹಿಮಾಚಲದ ಬೀರ್ ಬಿಲ್ಲಿಂಗ್ ಎರಡೂ ಹೆಸರುವಾಸಿ. ಮೊದಲ ಪಾಠಕ್ಕೆ ಸಣ್ಣ ಗುಡ್ಡಗಳಿರುವ ಕಾಮ್‌ಶೇತ್ ಮೇಲು, 2015ರಲ್ಲಿ ವಿಶ್ವಕಪ್ ನಡೆದ ಬೀರ್ ಕೈ ಕುದುರಿದ ಮೇಲೆ ಇರಲಿ. ಕೆಲವೇ ದಿನಗಳಲ್ಲಿ ಒಬ್ಬರೇ ಹಾರುವ ಮಟ್ಟಕ್ಕೆ ಬರಬಹುದು, ಇಡೀ ಸಾಮಾನು ಬೆನ್ನಿಗೆ ಹಾಕಿಕೊಂಡು ಬಸ್ ಹತ್ತಬಹುದು, ಖರ್ಚು ಮೈಕ್ರೋಲೈಟಿಗಿಂತ ಎಷ್ಟೋ ಕಡಿಮೆ. ಗಾಳಿ ಓದುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಶಾಲೆ ಇಲ್ಲ. ಆದರೆ ಕೊಡಗಿಗೆ ಬಂದು ಹಾರಲು ಮರವಿಲ್ಲದ ಇಳಿಜಾರು, ಅದರ ಕೆಳಗೆ ಬಯಲು ಎರಡೂ ಒಟ್ಟಿಗೆ ಬೇಕು. ನಮ್ಮ ಬೆಟ್ಟಗಳ ಬುಡದಲ್ಲಿ ಹೆಚ್ಚಾಗಿ ಇರುವುದು ಕಾಡು, ಕಾಡಿನಲ್ಲಿ ಆನೆ.

ವಿದೇಶದಲ್ಲಿ ಕಲಿತು ಬರುತ್ತೇನೆ ಎನ್ನುವವರೂ ಇದ್ದಾರೆ. ಬ್ರಿಟನ್ನಿನಲ್ಲಿ ಮೈಕ್ರೋಲೈಟ್ ಲೈಸೆನ್ಸಿಗೆ ಕನಿಷ್ಠ 25 ಗಂಟೆ, ಅದರಲ್ಲಿ 10 ಒಬ್ಬರೇ. ಅಲ್ಲಿಯೇ ಕೆಲಸದಲ್ಲಿರುವ ಮಕ್ಕಳಿಗೆ ಸರಿ. ಇಲ್ಲಿಂದ ಅದಕ್ಕೆಂದೇ ಹೋಗುವುದು ವ್ಯರ್ಥ, ಬಂದ ಮೇಲೆ ಇಲ್ಲಿನ ಕಾಗದದ ಕೆಲಸ ಇದ್ದೇ ಇದೆ.

ಯಾರಿಗೆ ಯಾವುದು

ತೋಟದ ಮಾವನಿಗೆ: ಮೊದಲು ಊರಿನಲ್ಲಿ ಒಂದು ಸುತ್ತು, ಆಮೇಲೆ ಹುತ್ತರಿಗೆ ಮುಂಚೆ ಎರಡು ವಾರ ಬೆಂಗಳೂರಿನಲ್ಲಿ ಮನೆಯವರಲ್ಲೇ ಉಳಿದು ಮೂರು ಅಕ್ಷದ ವಿಮಾನ. 'ಬಾಣೆ ಖಾಲಿ ಇದೆ, ಒಂದು ಟ್ರೈಕ್ ತಂದು ಇಟ್ಟುಕೊಂಡರೆ ಹೇಗೆ?' ಎಂದು ಕೇಳುವವರೂ ಇವರೇ. ಖರೀದಿಯ ಮಾತು ಲೈಸೆನ್ಸ್ ಬಂದ ಮೇಲೆ. ವಿಮಾನ ತರಿಸಲು ಸರ್ಕಾರದ ಅನುಮತಿ, ನೋಂದಣಿ, ವಿಮೆ, ಹ್ಯಾಂಗರ್, ಮೆಕ್ಯಾನಿಕ್ ಎಲ್ಲ ಬೇಕು. ಮಳೆಗಾಲದ ನಾಲ್ಕು ತಿಂಗಳು ಕೊಡಗಿನ ತೇವದಲ್ಲಿ ರೆಕ್ಕೆಯ ಬಟ್ಟೆಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದೇ ಒಂದು ನೌಕರಿ.

ಕಂಪನಿ ಕೆಲಸದ ಅಕ್ಕನಿಗೆ: ರಜೆ ಒಟ್ಟಿಗೆ ಸಿಗುವುದಾದರೆ ಜಕ್ಕೂರು, ಸಿಗದಿದ್ದರೆ ಈ ವರ್ಷಕ್ಕೆ ಒಂದು ವಾರ ಕಾಮ್‌ಶೇತ್. ವಾರಾಂತ್ಯಕ್ಕೆ ಒಂದು ಗಂಟೆ ಎಂದು ವರ್ಷವಿಡೀ ಎಳೆಯುವ ಯೋಜನೆಯನ್ನು ನಾನು ಯಾರಿಗೂ ಹೇಳುವುದಿಲ್ಲ. ಕಾಲೇಜು ಹುಡುಗನಿಗೆ ಎನ್‌ಸಿಸಿ, ಅದು ಸಿಗದಿದ್ದರೆ ಮೊದಲ ಸಂಬಳದವರೆಗೆ ಕಾಯುವುದು. ಸಾಲ ಮಾಡಿ ಹವ್ಯಾಸ ಕಲಿಯಬೇಡ, ತಮ್ಮಾ.

ಫೋನಿನಲ್ಲಿ ಕೇಳಬೇಕಾದವು

ವಿಮಾನದ ಮೈಮೇಲೆ ವಿಟಿ ಎಂದು ಶುರುವಾಗುವ ನೋಂದಣಿ ಅಕ್ಷರಗಳಿವೆಯೇ? ವಿಮೆ ಕಲಿಯುವವರಿಗೂ ಅನ್ವಯಿಸುತ್ತದೆಯೇ? ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಇದೆಯೇ? ಹವಾಮಾನ ಕೆಟ್ಟು ಹಾರದ ದಿನಕ್ಕೆ ದುಡ್ಡು ಹಿಡಿಯುತ್ತೀರೇ? ಒಬ್ಬರೇ ಇನ್‌ಸ್ಟ್ರಕ್ಟರ್ ಪೂರ್ತಿ ಕಲಿಸುತ್ತಾರೆಯೇ, ಇಲ್ಲ ದಿನಕ್ಕೊಬ್ಬರೇ? ಮುಂಗಡ ಪೂರ್ತಿ ಕಟ್ಟಬೇಕೆಂದರೆ ಒಪ್ಪಬೇಡಿ, ಐದು ಗಂಟೆಗೆ ಕಟ್ಟಿ ನೋಡಿ.

ಇನ್ನೊಂದು ಪ್ರಶ್ನೆ ಹೊಸದು: ಯಾವ ಪೆಟ್ರೋಲ್ ಹಾಕುತ್ತೀರಿ? ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಶೇಕಡಾ 20 ಎಥೆನಾಲ್ ಬೆರೆತದ್ದು. ರೋಟಾಕ್ಸ್ ಕಂಪನಿ ಈ ಎಂಜಿನ್ನುಗಳಿಗೆ ಒಪ್ಪುವುದು ಶೇಕಡಾ 10ರವರೆಗೆ. ಎಥೆನಾಲ್ ನೀರು ಹೀರುತ್ತದೆ, ರಬ್ಬರ್ ಪೈಪುಗಳನ್ನು ಕೆಡಿಸುತ್ತದೆ. ಈ ಪ್ರಶ್ನೆಗೆ ಥಟ್ಟನೆ, ವಿವರವಾಗಿ ಉತ್ತರ ಬಂದರೆ ಅಲ್ಲಿ ಮೆಕ್ಯಾನಿಕ್ ಎಚ್ಚರವಾಗಿದ್ದಾನೆ ಎಂದು ತಿಳಿಯಬಹುದು. 'ಅದೆಲ್ಲ ನಡೆಯುತ್ತೆ ಸಾರ್' ಎಂದರೆ ಬೇರೆ ಕಡೆ ನೋಡಿ.

ಇದೆಲ್ಲಕ್ಕೂ ಮುಂಚೆ ಮೆಡಿಕಲ್. ಸ್ಟೂಡೆಂಟ್ ಪೈಲಟ್ ಲೈಸೆನ್ಸಿಗೆ 16 ವರ್ಷ, ಹತ್ತನೇ ತರಗತಿ ಪಾಸು, ಜೊತೆಗೆ ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರಿಂದ ಕ್ಲಾಸ್ 2 ತಪಾಸಣೆ ಬೇಕು. ಬಣ್ಣ ಗುರುತಿಸುವುದು, ರಕ್ತದೊತ್ತಡ, ಸಕ್ಕರೆ, ಹೃದಯ ಎಲ್ಲ ನೋಡುತ್ತಾರೆ. ಕೆಲವು ಸಾವಿರದಲ್ಲಿ ಮುಗಿಯುವ ಇದನ್ನು ಮೊದಲೇ ಮಾಡಿಸಿದರೆ ಲಕ್ಷಗಟ್ಟಲೆ ಮುಂಗಡ ಕಟ್ಟಿ ಒದ್ದಾಡುವುದು ತಪ್ಪುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ, ಚೀಟಿ ಸಮೇತ ತೋರಿಸಿ. ಹತೋಟಿಯಲ್ಲಿದ್ದರೆ ಎಷ್ಟೋ ಜನರಿಗೆ ಅನುಮತಿ ಸಿಗುತ್ತದೆ.